ಗುಡ್ಡದಲ್ಲಿ ಕಸ ಮತ್ತೆ ಬೀಳುತ್ತದೆ, ನೆಟ್ಟ ಸಸಿ ಉಳಿಯುವುದಿಲ್ಲ: ಏನು ಮಾಡಬೇಕು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಊರ ಹಿಂದಿನ ಗುಡ್ಡದ ಮೇಲೆ ದೇವಸ್ಥಾನವಿದೆ, ಪಕ್ಕದಲ್ಲೇ ಮಳೆಗಾಲದ ಜಲಪಾತ. ಭಾನುವಾರ ಬಂತೆಂದರೆ ಕಾರು, ಬೈಕುಗಳ ಸಾಲು. ನಮ್ಮ ಯುವಕ ಸಂಘದವರು ಮೂರು ವರ್ಷದಿಂದ ಗಾಂಧಿ ಜಯಂತಿಯಂದು ಗುಡ್ಡದ ಕಸ ಹೆಕ್ಕುತ್ತಿದ್ದೇವೆ. ಪ್ರತಿ ಸಲವೂ ಮೂವತ್ತು ನಲವತ್ತು ಮೂಟೆ ಪ್ಲಾಸ್ಟಿಕ್ ಸಿಗುತ್ತದೆ, ಮರುವರ್ಷ ಮತ್ತೆ ಅಷ್ಟೇ. ಗುಡ್ಡದ ಒಂದು ಮಗ್ಗುಲು ಬೋಳಾಗಿದೆ. ವನಮಹೋತ್ಸವದಲ್ಲಿ ಅಲ್ಲಿ 500 ಸಸಿ ನೆಟ್ಟೆವು, ಈಗ 60 ಉಳಿದಿವೆ. ಬೀಜದುಂಡೆಗಳನ್ನೂ ಎಸೆದೆವು, ಒಂದೂ ಮೊಳೆತದ್ದು ಕಾಣಲಿಲ್ಲ. ಈಗ ಒಂದು ಕಂಪನಿಯವರು 2,000 ಸಸಿ ಕೊಡುತ್ತೇವೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ? ನಾವು ತಪ್ಪುತ್ತಿರುವುದು ಎಲ್ಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಮನಸ್ಸು ಹಿಡಿದು ನಿಲ್ಲಿಸಿದ್ದು ಆ 60ರ ಲೆಕ್ಕ. ಎಷ್ಟು ನೆಟ್ಟೆವೆಂದು ಹೇಳುವವರು ಎಲ್ಲ ಊರಲ್ಲೂ ಸಿಗುತ್ತಾರೆ. ಎಷ್ಟು ಉಳಿಯಿತೆಂದು ನೋಡಲು ಮತ್ತೆ ಗುಡ್ಡ ಹತ್ತುವವರು ಕಡಿಮೆ. ನೀವು ಹತ್ತಿದ್ದೀರಿ, ಎಣಿಸಿದ್ದೀರಿ, ಬೇಸರವಾದರೂ ಆ ಸಂಖ್ಯೆಯನ್ನು ಮುಚ್ಚಿಡದೆ ಬರೆದಿದ್ದೀರಿ. ಹಾಗಾಗಿ ನಾನೂ ನೇರವಾಗಿಯೇ ಹೇಳುತ್ತೇನೆ. ಕಸ ವರ್ಷದ ಎಲ್ಲ ಭಾನುವಾರವೂ ಬೀಳುತ್ತದೆ, ನೀವು ಒಂದು ದಿನ ಹೆಕ್ಕುತ್ತೀರಿ. ಸಸಿ ಮೂರು ಬೇಸಿಗೆ ದಾಟಬೇಕು, ನೀವು ಒಂದು ದಿನ ನೆಟ್ಟು ಇಳಿದು ಬಂದಿರಿ. ಎರಡೂ ಕೆಲಸ ಕೈತಪ್ಪಿದ್ದು ಇಲ್ಲೇ. ನಿಮ್ಮ ಶ್ರಮದಲ್ಲಿ ಕೊರತೆಯಿಲ್ಲ, ಆ ಶ್ರಮ ಬಿದ್ದ ಹೊತ್ತು ಮತ್ತು ಜಾಗ ಬದಲಾಗಬೇಕು.

ಮೊದಲು ಪ್ಲಾಸ್ಟಿಕ್ಕಿನ ಮಾತು. ಮುಂದಿನ ಸಲ ಹೆಕ್ಕಿದ ಮೂಟೆಗಳನ್ನು ಹಾಗೇ ಟ್ರ್ಯಾಕ್ಟರಿಗೆ ಹೇರಿ ಕಳಿಸಬೇಡಿ. ಅಡಿಕೆ ಒಣಗಿಸುವ ಟಾರ್ಪಾಲು ಹಾಸಿ, ನಾಲ್ಕೈದು ಮೂಟೆ ಸುರಿದು, ಬಗೆಬಗೆಯಾಗಿ ರಾಶಿ ಮಾಡಿ ಎಣಿಸಿ. ಕೈಗೆ ಗ್ಲೌಸ್ ಇರಲಿ, ಒಡೆದ ಗಾಜು ಇದ್ದೇ ಇರುತ್ತದೆ. ಮಲೆನಾಡಿನ ಗುಡ್ಡಗಳಲ್ಲಿ ನಾನು ಹೀಗೆ ಮಾಡಿಸಿದಾಗಲೆಲ್ಲ ಹೆಚ್ಚುಕಡಿಮೆ ಇವೇ ರಾಶಿಗಳು ಎದ್ದಿವೆ: ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್, ಗುಟ್ಕಾ ಚೀಟಿ, 90 ಎಂ.ಎಲ್. ಮದ್ಯದ ಟೆಟ್ರಾ ಪ್ಯಾಕ್, ಕಾಗದದ ಲೋಟ. ದೇವಸ್ಥಾನದ ಸುತ್ತ ಕರ್ಪೂರ, ಊದುಬತ್ತಿಯ ಕವರುಗಳು, ದೀಪದೆಣ್ಣೆಯ ಪೊಟ್ಟಣಗಳು. ಈ ಎಣಿಕೆ ಕೈಯಲ್ಲಿದ್ದರೆ ಯಾರ ಜೊತೆ ಮಾತಾಡಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ. ಎಣ್ಣೆ ಪೊಟ್ಟಣದ ರಾಶಿ ದೊಡ್ಡದಿದ್ದರೆ ಅರ್ಚಕರ ಹತ್ತಿರ, ಟೆಟ್ರಾ ಪ್ಯಾಕ್ ದೊಡ್ಡದಿದ್ದರೆ ರಸ್ತೆ ಬದಿಯ ಅಂಗಡಿಯವರ ಹತ್ತಿರ. ಎಲ್ಲವನ್ನೂ 'ಪ್ರವಾಸಿಗರ ಕಸ' ಎಂದು ಒಂದೇ ಹೆಸರಿನಲ್ಲಿ ಕರೆದರೆ ಯಾರೂ ಹೊಣೆ ಹೊರುವುದಿಲ್ಲ.

ಕಾನೂನು ಎಲ್ಲಿಯವರೆಗೆ ಬರುತ್ತದೆ ಎಂಬುದೂ ನಿಮಗೆ ಗೊತ್ತಿರಲಿ. ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬಂಟಿಂಗ್ಸ್ ಇವನ್ನೆಲ್ಲ ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಪ್ಲಾಸ್ಟಿಕ್ ಹಾಳೆಯ ಗುಟ್ಕಾ ಚೀಟಿಯನ್ನು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿರ್ವಹಣಾ ನಿಯಮಗಳೇ ಬೇಡವೆಂದಿವೆ. ಆದರೆ ನಿಮ್ಮ ಗುಡ್ಡದ ಮೇಲೆ ಎಲ್ಲಕ್ಕಿಂತ ಹೆಚ್ಚು ಬಿದ್ದಿರುವ ನೀರಿನ ಬಾಟಲಿಯೂ ಚಿಪ್ಸ್ ಪ್ಯಾಕೆಟ್ಟೂ 2022ರ ಆ ಪಟ್ಟಿಯಲ್ಲಿ ಇಲ್ಲ. ಅವು ಮಾರಾಟಕ್ಕೆ ಮುಕ್ತ. ತಯಾರಕರು ಅಷ್ಟು ಪ್ಲಾಸ್ಟಿಕ್ಕನ್ನು ಮರಳಿ ಸಂಗ್ರಹಿಸುವ ಹೊಣೆ ಹೊರಬೇಕೆಂದು ನಿಯಮವಿದೆ, ಆದರೆ ಆ ಹೊಣೆ ಗುಡ್ಡದ ತುದಿಯವರೆಗೆ ಹತ್ತಿ ಬಂದದ್ದನ್ನು ನಾನು ಕಂಡಿಲ್ಲ. ಆದ್ದರಿಂದ ನಿಷೇಧದ ಫಲಕ ಹಾಕಿ ಕೂತರೆ ಪ್ರಯೋಜನವಿಲ್ಲ, ವಸ್ತು ಮೇಲೆ ಹತ್ತುವ ದಾರಿಯಲ್ಲೇ ಏನಾದರೂ ಮಾಡಬೇಕು.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ನೀಲಗಿರಿ ಜಿಲ್ಲೆಯದು. ಅಲ್ಲಿ ಕಾಡಿನೊಳಗೆ ಎಸೆದ ಮದ್ಯದ ಬಾಟಲಿಗಳು ಒಡೆದು ಆನೆಗಳ ಕಾಲಿಗೆ ಚುಚ್ಚುತ್ತಿದ್ದವು. ಮದ್ರಾಸ್ ಹೈಕೋರ್ಟ್ ಮಧ್ಯೆ ಬಂದ ಮೇಲೆ 2022ರಲ್ಲಿ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚು ತೆಗೆದುಕೊಂಡು, ಖಾಲಿ ಬಾಟಲಿ ತಂದುಕೊಟ್ಟವರಿಗೆ ಅದನ್ನು ಮರಳಿಸತೊಡಗಿದವು. ಮಾರಾಟವಾದ ಬಾಟಲಿಗಳಲ್ಲಿ ಬಹುಪಾಲು ತಿರುಗಿ ಬಂದವು. ಕುಡಿದವರು ಎಸೆದರೂ ಬೇರೆ ಯಾರೋ ಹೆಕ್ಕಿ ತಂದರು, ಏಕೆಂದರೆ ಖಾಲಿ ಬಾಟಲಿಗೆ ಬೆಲೆ ಬಂದಿತ್ತು. ಕೇದಾರನಾಥ ಯಾತ್ರೆಯಲ್ಲೂ ಅದೇ ವರ್ಷ ನೀರಿನ ಬಾಟಲಿಗೆ ಕ್ಯೂಆರ್ ಚೀಟಿ ಅಂಟಿಸಿ 10 ರೂಪಾಯಿ ಠೇವಣಿ ಇಡುವ ಕ್ರಮ ಶುರುವಾಯಿತು.

ನಿಮ್ಮ ಗುಡ್ಡಕ್ಕೆ ಕ್ಯೂಆರ್ ಬೇಕಿಲ್ಲ. ಬುಡದಲ್ಲಿ ಒಂದು ಮೇಜು, ಎರಡು ಕುರ್ಚಿ, ಸ್ತ್ರೀಶಕ್ತಿ ಸಂಘದ ಇಬ್ಬರು, ಒಂದು ಕಟ್ಟು ಸ್ಟಿಕರ್ ಸಾಕು. ಬ್ಯಾಗಿನಲ್ಲಿರುವ ಪ್ರತಿ ಬಾಟಲಿಗೆ, ಪ್ರತಿ ಪ್ಯಾಕೆಟ್ಟಿಗೆ ಸ್ಟಿಕರ್ ಅಂಟಿಸಿ 20 ರೂಪಾಯಿ ಇರಿಸಿಕೊಳ್ಳಿ, ಇಳಿಯುವಾಗ ತೋರಿಸಿದರೆ ವಾಪಸ್ ಕೊಡಿ. ಹಣ ವಸೂಲಿ ಮಾಡಲು ಅಧಿಕಾರ ಬೇಕು. ಗ್ರಾಮ ಪಂಚಾಯಿತಿಯ ನಿರ್ಣಯ ಮಾಡಿಸಿ, ದಾರಿ ಅರಣ್ಯದೊಳಗೆ ಹೋಗುವುದಾದರೆ ವಲಯ ಅರಣ್ಯಾಧಿಕಾರಿಯ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಇಲ್ಲದಿದ್ದರೆ ಮೊದಲ ಜಗಳಕ್ಕೇ ಮೇಜು ಎತ್ತಬೇಕಾಗುತ್ತದೆ. ಇನ್ನೊಂದು ಮಾತು: ಕುಡಿಯುವ ನೀರು ಕೊಡದೆ ಬಾಟಲಿ ತರಬೇಡಿ ಎಂದರೆ ಯಾರೂ ಕೇಳುವುದಿಲ್ಲ. ಮೇಜಿನ ಪಕ್ಕ ಒಳ್ಳೆಯ ನೀರಿನ ಡ್ರಮ್ಮು, ದೇವಸ್ಥಾನದಲ್ಲಿ ಇನ್ನೊಂದು, ಇಷ್ಟು ಮೊದಲು ಆಗಲಿ.

ಗುಡ್ಡದ ಮೇಲೆ ಕಸದ ಡಬ್ಬಿ ಇಡುವ ಯೋಚನೆ ಯಾರಾದರೂ ಮುಂದಿಟ್ಟರೆ ದಯವಿಟ್ಟು ಬೇಡ ಎನ್ನಿ. ತುಂಬಿದ ಡಬ್ಬಿಯನ್ನು ದಿನವೂ ಕೆಳಗೆ ಹೊರುವವರಿಲ್ಲ. ಹಗಲು ಮಂಗ, ರಾತ್ರಿ ನಾಯಿ, ಹಂದಿ ಅದನ್ನು ಉರುಳಿಸಿ ಹರಡುತ್ತವೆ. ಉಪ್ಪಿನ ರುಚಿಯಿರುವ ಪ್ಯಾಕೆಟ್ಟನ್ನು ಜಿಂಕೆ, ಕಡವೆ, ಮೇಯಲು ಬಿಟ್ಟ ದನ ನೆಕ್ಕುತ್ತಾ ನುಂಗುತ್ತವೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಅದು ಕರಗುವುದೂ ಇಲ್ಲ, ಸುಲಭವಾಗಿ ಹೊರಬರುವುದೂ ಇಲ್ಲ. ಉತ್ತರಾಖಂಡದ ಕಾಡಂಚಿನಲ್ಲಿ ಆನೆಯ ಲದ್ದಿಯೊಳಗೂ ಪ್ಲಾಸ್ಟಿಕ್ ಚೂರುಗಳು ಸಿಕ್ಕಿವೆ. ಆ ಲದ್ದಿಯೇ ಕಾಡಿನಲ್ಲಿ ಬೀಜ ಹರಡುವ ಗೊಬ್ಬರ ಎಂಬುದನ್ನು ನೆನೆದರೆ ಕಸಕ್ಕೂ ಕಾಡಿಗೂ ಇರುವ ನಂಟು ಎಷ್ಟು ಹತ್ತಿರದ್ದೆಂದು ಗೊತ್ತಾಗುತ್ತದೆ.

ಇನ್ನು ನಮ್ಮ ಮನೆಗಳ ಕಸ. ಇದನ್ನು ನೀವು ಬರೆದಿಲ್ಲ, ಆದರೆ ಕೇಳಲೇಬೇಕು. ಊರಿನ ಹಾಲಿನ ಕೊಟ್ಟೆ, ಬಿಸ್ಕತ್ ಪ್ಯಾಕೆಟ್, ಶಾಂಪೂ ಚೀಟಿ ಎಲ್ಲಿಗೆ ಹೋಗುತ್ತವೆ? ಮಲೆನಾಡಿನ ಬಹಳಷ್ಟು ಮನೆಗಳಲ್ಲಿ ಉತ್ತರ ಒಂದೇ, ಬಚ್ಚಲ ಒಲೆಗೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆ ಹೊತ್ತಿಸಲು ಪ್ಲಾಸ್ಟಿಕ್ ಬಲು ಅನುಕೂಲ, ನನ್ನ ಬಾಲ್ಯದ ಮನೆಯಲ್ಲೂ ಹಾಗೇ ಮಾಡುತ್ತಿದ್ದರು. ಸುಟ್ಟರೆ ಮುಗಿಯಿತು ಎಂದು ನಾವು ತಿಳಿದಿದ್ದೆವು. ಪಿ.ವಿ.ಸಿ. ಬೆರೆತ ವಸ್ತು ಸುಟ್ಟಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹೊಗೆಯಲ್ಲಿ ಒಲೆ ಮುಂದೆ ಕೂತವರ ಶ್ವಾಸಕೋಶಕ್ಕೂ, ಬೂದಿಯಲ್ಲಿ ಗೊಬ್ಬರಗುಂಡಿಗೂ, ಅಲ್ಲಿಂದ ತೋಟಕ್ಕೂ ಹೋಗುತ್ತದೆ. ಸ್ನಾನಕ್ಕೆ ನೀರು ಕಾಯಿಸುವ ಹೆಂಗಸರೂ, ಚಳಿಗೆ ಒಲೆ ಬುಡದಲ್ಲಿ ಕೂರುವ ಮಕ್ಕಳೂ ಅದನ್ನು ದಿನವೂ ಕುಡಿಯುತ್ತಾರೆ. ಗುಡ್ಡಕ್ಕೆ ಬರುವ ಅಪರಿಚಿತರಿಗೆ ಬುದ್ಧಿ ಹೇಳುವ ಮೊದಲು ಊರಿನ ಬಚ್ಚಲ ಒಲೆಗಳಿಂದ ಪ್ಲಾಸ್ಟಿಕ್ ಹೊರಗೆ ತರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

'ಕೊಟ್ಟೆ' ಎಂಬ ಪದ ಬರೆಯುವಾಗ ಒಂದು ಕ್ಷಣ ನಿಂತೆ. ಹಲಸಿನ ಎಲೆ ಚುಚ್ಚಿ ಕಡುಬು ಬೇಯಿಸುವ ಪಾತ್ರೆಗೆ ನಮ್ಮಲ್ಲಿ ಕೊಟ್ಟೆ ಎನ್ನುತ್ತೇವೆ. ಕೊಳೆರೋಗ ಬಾರದಂತೆ ಅಡಿಕೆ ಕೊನೆಗೆ ಕಟ್ಟುವ ಹೊದಿಕೆಯೂ ಕೊಟ್ಟೆಯೇ. ಹಿಂದೆ ಅದನ್ನು ಕರಡದ ಹುಲ್ಲಿನಲ್ಲಿ ಹೆಣೆಯುತ್ತಿದ್ದರು. ಈಗ ಆ ಜಾಗಕ್ಕೆ ಪಾಲಿಥೀನ್ ಬಂದಿದೆ, ಕೊಟ್ಟೆ ಎಂದರೆ ಮಕ್ಕಳಿಗೆ ಕಣ್ಣಿಗೆ ಕಟ್ಟುವುದು ಪ್ಲಾಸ್ಟಿಕ್ ಚೀಲವೇ. ವಸ್ತು ಹೋಗುವಾಗ ಅದರ ಹೆಸರನ್ನೂ ಬಿಟ್ಟುಕೊಟ್ಟು ಹೋಯಿತಲ್ಲ ಎಂದು ಸಂಕಟವಾಗುತ್ತದೆ.

ಮಲೆನಾಡಿನ ಮನೆಗಳು ಒಂದೊಂದೂ ಒಂದೊಂದು ದಿಕ್ಕಿಗೆ. ಪಂಚಾಯಿತಿಯ ಕಸದ ಗಾಡಿ 'ಸ್ವಚ್ಛ ವಾಹಿನಿ' ಪ್ರತಿ ಮನೆಯ ಅಂಗಳಕ್ಕೆ ದಿನವೂ ಬರಲಾರದು, ಬರಬೇಕಾಗಿಯೂ ಇಲ್ಲ. ಒಣ ಕಸ ಕೊಳೆಯುವುದಿಲ್ಲ. ತೊಳೆದು, ಒಣಗಿಸಿ, ಕೊಟ್ಟಿಗೆಯ ಮೂಲೆಯಲ್ಲಿ ಒಂದು ಗೋಣಿಚೀಲಕ್ಕೆ ತುಂಬುತ್ತಾ ಹೋದರೆ ತಿಂಗಳಿಗೊಂದು ಸಲ ಕೊಟ್ಟರೂ ಸಾಕು. ಆ ಒಂದು ಸಲವನ್ನು ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಕೊಡುವ ದಿನಕ್ಕೆ ಹೊಂದಿಸಿ. ಹೇಗೂ ಎಲ್ಲ ಮನೆಯವರೂ ಅಂದು ಬರುತ್ತಾರೆ, ಬರುವಾಗ ಚೀಲ ತರುತ್ತಾರೆ. ಹಸಿ ಕಸದ ಚಿಂತೆ ಹಳ್ಳಿಗೆ ಇಲ್ಲ, ದನವೂ ಗೊಬ್ಬರಗುಂಡಿಯೂ ಇರುವಲ್ಲಿ ಅದು ಕಸವೇ ಅಲ್ಲ.

ಹೀಗೆ ಬಂದದ್ದನ್ನು ಮುಂದೆ ಸಾಗಿಸಲು ವ್ಯವಸ್ಥೆ ಇದೆ. ಕರ್ನಾಟಕದ ಹಲವು ಗ್ರಾಮ ಪಂಚಾಯಿತಿಗಳು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರೊಂದಿಗೆ ಒಪ್ಪಂದ ಮಾಡಿಕೊಂಡು ಕಸದ ಘಟಕ ನಡೆಸುತ್ತಿವೆ, ವಾಹನ ಓಡಿಸುವವರೂ ಅವರೇ. ಉಡುಪಿ ಜಿಲ್ಲೆಯ ವಂಡ್ಸೆ ಪಂಚಾಯಿತಿ ಈ ಕೆಲಸಕ್ಕೆ ಬಹಳ ಹಿಂದೆಯೇ ಹೆಸರಾಯಿತು. ಕಾರ್ಕಳದ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣ ಕಸವನ್ನು ಒಂದೇ ಕಡೆ ತಂದು, ಬೇರ್ಪಡಿಸಿ, ಬೇಲ್ ಕಟ್ಟಿ ಕಳಿಸುವ ದೊಡ್ಡ ಘಟಕವಿದೆ. ಒಂದೊಂದೇ ಪಂಚಾಯಿತಿ ಗುಜರಿಯವರ ಹತ್ತಿರ ಹೋದರೆ ಅವರು ಬಾಟಲಿ, ಡಬ್ಬಿ ಎತ್ತಿಕೊಂಡು ಚಿಪ್ಸ್ ಪ್ಯಾಕೆಟ್ ಬಿಟ್ಟು ಹೋಗುತ್ತಾರೆ. ಪ್ಲಾಸ್ಟಿಕ್ಕೂ ಲೋಹದ ಪದರವೂ ಅಂಟಿಕೊಂಡಿರುವ ಆ ಹಾಳೆಯನ್ನು ಬಿಡಿಸಿ ಮರುಬಳಕೆ ಮಾಡುವುದು ಲಾಭದ ಬಾಬತ್ತಲ್ಲ. ಲಾರಿ ತುಂಬುವಷ್ಟು ಸೇರಿದರೆ ಮಾತ್ರ ಅದು ಸಿಮೆಂಟ್ ಕಾರ್ಖಾನೆಯ ಗೂಡಿಗೆ ಹೋಗುತ್ತದೆ. ಅಲ್ಲಿನ ಅತಿ ಹೆಚ್ಚಿನ ಶಾಖದಲ್ಲಿ ಉರಿಯುವುದಕ್ಕೂ ನಮ್ಮ ಬಚ್ಚಲ ಒಲೆಯಲ್ಲಿ ಹೊಗೆಯಾಡುವುದಕ್ಕೂ ಅಜಗಜಾಂತರ. ಹಾಗಾಗಿ ನಾಲ್ಕಾರು ಪಂಚಾಯಿತಿಗಳು ಸೇರಲು ನಿಮ್ಮ ಪಂಚಾಯಿತಿಯನ್ನು ಒತ್ತಾಯಿಸಿ. ಮತ್ತೆ, ಆ ಮಹಿಳೆಯರ ಸಂಬಳಕ್ಕೆ ಮನೆಯಿಂದ ಶುಲ್ಕ ಕೊಡಲು ಹಿಂಜರಿಯಬೇಡಿ. ನೆರೆಯ ಕೇರಳದಲ್ಲಿ ಹರಿತ ಕರ್ಮ ಸೇನೆಯ ಮಹಿಳೆಯರು ಮನೆ ಮನೆಗೆ ಹೋಗಿ ಪ್ಲಾಸ್ಟಿಕ್ ಸಂಗ್ರಹಿಸುವುದು ಇಂಥ ಶುಲ್ಕದ ಬಲದಿಂದಲೇ. ನಮ್ಮಲ್ಲಿ ಎಷ್ಟೋ ಕಸದ ಘಟಕಗಳ ಬೀಗ ಬಿದ್ದದ್ದನ್ನು ನಾನು ನೋಡಿದ್ದೇನೆ. ಯಂತ್ರ ಕೆಟ್ಟು ನಿಂತವು ಕಡಿಮೆ, ಬೇರ್ಪಡಿಸುವವರಿಗೆ ಆರು ತಿಂಗಳು ಕೂಲಿ ಸಿಗದೆ ನಿಂತವೇ ಹೆಚ್ಚು.

ಮದುವೆ, ಉಪನಯನ, ಜಾತ್ರೆಗಳಿಗೆ ಸಂಘದಿಂದಲೇ ಸ್ಟೀಲ್ ಲೋಟ ಕೊಂಡಿಡಿ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಎರವಲು ಕೊಡುವ ತಟ್ಟೆ ಬ್ಯಾಂಕ್ ನಡೆಸುತ್ತಿದೆ. ಬಾಳೆಲೆ, ಹಾಳೆ ತಟ್ಟೆ ನಮ್ಮಲ್ಲಿ ಹೇಗೂ ಇದೆ, ಕೊರತೆಯಿರುವುದು ಲೋಟದ್ದು. ಕಾಗದದ ಲೋಟ ಕಾಗದವೆಂದು ನಂಬಬೇಡಿ, ಒಳಗೆ ತೆಳುವಾದ ಪ್ಲಾಸ್ಟಿಕ್ ಪದರವಿರುವುದಕ್ಕೇ ಅದರಲ್ಲಿ ಕಾಫಿ ನಿಲ್ಲುವುದು.

ಕಾಡಿನ ವಿಷಯಕ್ಕೆ ಬರುವ ಮೊದಲು ಒಂದು ಪ್ರಶ್ನೆ. ಆ 500 ಸಸಿಗಳ ಕಪ್ಪು ಪಾಲಿಥೀನ್ ಚೀಲಗಳು ಏನಾದವು? ಇಪ್ಪತ್ತು ವರ್ಷದ ಹಿಂದೆ ನಾನು ಮುಂದೆ ನಿಂತು ನೆಡಿಸಿದ ಒಂದು ಗುಡ್ಡಕ್ಕೆ ಮೂರನೆಯ ವರ್ಷ ಹೋಗಿದ್ದೆ. ಸತ್ತ ಸಸಿಗಳನ್ನು ಕಿತ್ತು ನೋಡಿದರೆ ಅರ್ಧಕ್ಕರ್ಧ ಚೀಲದ ಸಮೇತ ಗುಂಡಿಯಲ್ಲಿದ್ದವು. ಶಾಲೆಯ ಮಕ್ಕಳು, ಗಡಿಬಿಡಿ, ಮಳೆ. ಚೀಲ ಹರಿದು ತೆಗೆಯಬೇಕೆಂದು ನಾನು ತೋರಿಸಿಕೊಟ್ಟಿರಲಿಲ್ಲ. ಬೇರು ಚೀಲದೊಳಗೇ ಸುತ್ತಿ ಸುತ್ತಿ ಉಸಿರುಗಟ್ಟಿತ್ತು. ಉಳಿದ ಚೀಲಗಳು ಹಳ್ಳದ ಬದಿಯ ಪೊದೆಗಳಿಗೆ ಸಿಕ್ಕಿಕೊಂಡು ಹಾರಾಡುತ್ತಿದ್ದವು. ಅಂದಿನಿಂದ ನನ್ನದೊಂದು ನಿಯಮವಿದೆ: ಎಷ್ಟು ಚೀಲ ಗುಡ್ಡ ಹತ್ತಿತೋ ಅಷ್ಟನ್ನೂ ಎಣಿಸಿ ಕೆಳಗಿಳಿಸಬೇಕು, ಲೆಕ್ಕ ಸಿಗುವವರೆಗೆ ಯಾರೂ ಊಟಕ್ಕೆ ಕೂರುವಂತಿಲ್ಲ. ನಿಮ್ಮ ಸಂಘದ್ದೇ ಸಣ್ಣ ಸಸ್ಯಕ್ಷೇತ್ರ ಮಾಡುವುದಾದರೆ ಅಡಿಕೆ ಹಾಳೆಯನ್ನು ಸುತ್ತಿ ಕಟ್ಟಿದ ಕೊಟ್ಟೆಯಲ್ಲೇ ಬೀಜ ಹಾಕಿ. ಒಂದು ಮಳೆಗಾಲಕ್ಕೆ ಅದು ಸಾಕು, ಹಾಗೇ ಮಣ್ಣಿಗಿಟ್ಟರೆ ಕರಗುತ್ತದೆ.

ಈಗ ಆ ಬೋಳು ಮಗ್ಗುಲು. ಅದು ನಿಜವಾಗಿ ಬೋಳೇ ಎಂದು ಮೊದಲು ನೋಡಬೇಕು. ಗುಡ್ಡದ ನೆತ್ತಿಯಲ್ಲಿ ಬಂಡೆ, ತೆಳು ಮಣ್ಣು, ಗಾಳಿ ಇದ್ದು ತಲೆತಲಾಂತರದಿಂದ ಹುಲ್ಲೇ ಬೆಳೆಯುತ್ತಿದ್ದರೆ ಅದನ್ನು ಮುಟ್ಟಬೇಡಿ. ಕುದುರೆಮುಖ, ಬಾಬಾಬುಡನ್‌ಗಿರಿಯ ಎತ್ತರದಲ್ಲಿ ಹುಲ್ಲುಗಾವಲೂ ಕಣಿವೆಗಳ ದಟ್ಟ ಶೋಲಾ ಕಾಡೂ ಒಟ್ಟಿಗೇ ಇರುವುದು. ಆ ಹುಲ್ಲು ಮಳೆ ಹಿಡಿದು ಹಳ್ಳಕ್ಕೆ ನೀರು ಬಿಡುತ್ತದೆ, ಅಲ್ಲಿ ಮರ ನೆಡುವುದು ಹಾನಿಯ ಕೆಲಸ. ನಿಮ್ಮದು ಇಳಿಜಾರಿನ ಮಗ್ಗುಲಾಗಿದ್ದು, ಹಿರಿಯರು 'ಅಲ್ಲಿ ಮೊದಲು ಕಾಡಿತ್ತು' ಎನ್ನುವುದಾದರೆ ಮುಂದಿನ ಹೆಜ್ಜೆ ಇಡಿ.

ಮಾರ್ಚ್ ತಿಂಗಳಲ್ಲಿ ಹಗ್ಗ ತೆಗೆದುಕೊಂಡು ಹೋಗಿ, ಐದಾರು ಕಡೆ 33 ಅಡಿ ಚೌಕ ಹಿಡಿಯಿರಿ. ಅದು ಒಂದು ಗುಂಟೆ. ಅದರೊಳಗೆ ಮರದ ಜಾತಿಯ ಗಿಡಗಳೆಷ್ಟಿವೆ ಎಣಿಸಿ: ಕಡಿದ ಬೊಡ್ಡೆಯಿಂದ ಚಿಗುರಿದ್ದು, ಬೆಂಕಿಗೆ ಸುಟ್ಟು ಮತ್ತೆ ಬುಡದಿಂದ ಎದ್ದದ್ದು, ಮೊಣಕಾಲೆತ್ತರದ ಸಸಿ, ಎಲ್ಲವನ್ನೂ. ಕೌಲು, ನೆಲ್ಲಿ, ಮತ್ತಿ, ಜಂಬೆ, ಹೊನ್ನೆ ಇವೆಲ್ಲ ವರ್ಷ ವರ್ಷ ಸುಟ್ಟರೂ ನೆಲದೊಳಗೆ ಗಟ್ಟಿ ಬೇರು ಇಟ್ಟುಕೊಂಡು ಕಾಯುತ್ತವೆ. ಗುಂಟೆಗೆ ಹತ್ತಕ್ಕಿಂತ ಹೆಚ್ಚು ಸಿಕ್ಕಲ್ಲಿ ನಾನು ಒಂದು ಸಸಿಯನ್ನೂ ನೆಡಿಸುವುದಿಲ್ಲ. ನಾಲ್ಕು ವರ್ಷ ಬೆಂಕಿ, ಕತ್ತಿ, ದನ ಮೂರನ್ನೂ ದೂರವಿಟ್ಟರೆ ಆ ಬೇರುಗಳೇ ನಿಮ್ಮ ತಲೆಗಿಂತ ಎತ್ತರಕ್ಕೆ ಬೆಳೆಯುತ್ತವೆ. ನರ್ಸರಿಯ ಯಾವ ಸಸಿಗೂ ಅಂಥ ಬೇರಿಲ್ಲ.

ಇದನ್ನು ನಮ್ಮ ಜಿಲ್ಲೆಯ ಪಕ್ಕದಲ್ಲೇ ಜನ 40 ವರ್ಷದ ಹಿಂದೆ ಹೇಳಿದ್ದರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ತಬ್ಬಿಕೊಂಡು ಕಡಿತ ನಿಲ್ಲಿಸಿದರು. ಪಾಂಡುರಂಗ ಹೆಗಡೆಯವರು ಮುಂದೆ ನಿಂತ ಆ ಅಪ್ಪಿಕೋ ಚಳವಳಿಯ ಮಾತು 'ಉಳಿಸು, ಬೆಳೆಸು, ಬಳಸು'. ಮೂರು ಪದಗಳ ಸಾಲು ನೋಡಿ: ಬೆಳೆಸುವುದಕ್ಕಿಂತ ಮುಂಚೆ ಉಳಿಸುವುದು ಬರುತ್ತದೆ. ನಮ್ಮ ವನಮಹೋತ್ಸವಗಳು ನೇರವಾಗಿ ಎರಡನೆಯ ಪದದಿಂದ ಶುರುವಾಗುತ್ತವೆ.

ಉಳಿಸುವ ಕೆಲಸದಲ್ಲಿ ಮುಖ್ಯವಾದದ್ದು ಬೆಂಕಿ. ನಿಮ್ಮ 440 ಸಸಿಗಳಲ್ಲಿ ಹೆಚ್ಚಿನವು ಫೆಬ್ರವರಿಯಿಂದ ಏಪ್ರಿಲ್ ನಡುವೆ ಸತ್ತಿರಬೇಕು. ಸಂಕ್ರಾಂತಿ ಕಳೆದ ವಾರವೇ ಜಾಗದ ಸುತ್ತ ಹತ್ತು ಹದಿನೈದು ಅಡಿ ಅಗಲಕ್ಕೆ ಹುಲ್ಲು, ದರಕು (ಉದುರಿದ ಒಣ ಎಲೆ) ಗುಡಿಸಿ ಬೆಂಕಿರೇಖೆ ಮಾಡಿ. ಮಾರ್ಚ್ ಬರುವಷ್ಟರಲ್ಲಿ ಅದು ಮತ್ತೆ ಎಲೆಯಿಂದ ಮುಚ್ಚಿರುತ್ತದೆ, ಇನ್ನೊಮ್ಮೆ ಗುಡಿಸಿ. ಆದರೆ ರೇಖೆಯೊಂದೇ ಬೆಂಕಿ ತಡೆಯುವುದಿಲ್ಲ. ಬೆಂಕಿ ಯಾರು ಹಾಕುತ್ತಾರೆಂದು ಊರಿಗೆಲ್ಲ ಗೊತ್ತಿರುತ್ತದೆ: ಹೊಸ ಹುಲ್ಲು ಚಿಗುರಲಿ ಎಂದು ದನ ಇರುವವರು, ಬೇಟೆಗೆ ಹೋಗುವವರು, ಬೀಡಿ ತುಂಡು ಎಸೆದು ಮರೆಯುವವರು. ಅವರನ್ನು ಬೈದು ದೂರ ಮಾಡಬೇಡಿ. ದನ ಇರುವವರಿಗೆ ಬೇರೆ ಮಗ್ಗುಲಿನಲ್ಲಿ ಮೇಯಿಸಲು, ಈ ಮಗ್ಗುಲಿನಲ್ಲಿ ಹುಲ್ಲು ಕೊಯ್ದು ಒಯ್ಯಲು ದಾರಿ ಮಾಡಿಕೊಡಿ. ಹುಲ್ಲು ಕೊಯ್ದಷ್ಟೂ ಬೆಂಕಿಗೆ ಸಿಗುವುದು ಕಡಿಮೆ, ಅವರಿಗೂ ಲಾಭ. ಸಂಘದ ಹುಡುಗರಲ್ಲಿ ಬೇಸಿಗೆ ಮೂರು ತಿಂಗಳು ಮಧ್ಯಾಹ್ನದ ಕಾವಲಿಗೆ ಸರದಿ ಹಾಕಿ. ಗಾಂಧಿ ಜಯಂತಿಗೆ ಬರುವ ಐವತ್ತು ಜನಕ್ಕಿಂತ ಮಾರ್ಚ್‌ನ ಉರಿಬಿಸಿಲಲ್ಲಿ ಇರುವ ಇಬ್ಬರು ಗುಡ್ಡಕ್ಕೆ ಹೆಚ್ಚು ಬೇಕಾದವರು.

ನೆಡಲೇಬೇಕಾದ ಕಡೆ ಏನು ನೆಡಬೇಕು? ಅಕೇಶಿಯಾ ಬೇಡ. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ ಕಡೆಯ ಆ ಮರ ನಮ್ಮ ಮಲೆನಾಡಿನಲ್ಲಿ ಇಷ್ಟು ಹಬ್ಬಿದ್ದಕ್ಕೆ ಒಂದು ಕಾರಣ ದನ ಅದನ್ನು ಮುಟ್ಟದಿರುವುದು. ಸಾವು ಕಡಿಮೆ, ವರದಿಯಲ್ಲಿ ಅಂಕಿ ಚಂದ. ಕೆಳಗೆ ಹೋಗಿ ನೋಡಿದರೆ ದಪ್ಪಗೆ ಬಿದ್ದ ಒಣ ಎಲೆ, ಹಕ್ಕಿಗೆ ಹಣ್ಣಿಲ್ಲ, ದನಕ್ಕೆ ಮೇವಿಲ್ಲ. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ರೈತರು, ಕೂಲಿಕಾರರು ಒಟ್ಟಾಗಿ, ಅಕೇಶಿಯಾದಂತೆಯೇ ಹೊರಗಿನಿಂದ ಬಂದ ನೀಲಗಿರಿ (ಯೂಕಲಿಪ್ಟಸ್) ಸಸಿಗಳನ್ನು ಕಿತ್ತು ಅದೇ ಜಾಗದಲ್ಲಿ ಹಣ್ಣು, ಮೇವು ಕೊಡುವ ಸಸಿ ನೆಟ್ಟರು. 'ಕಿತ್ತಿಕೋ ಹಚ್ಚಿಕೋ' ಎಂದೇ ಆ ಸತ್ಯಾಗ್ರಹದ ಹೆಸರು. ಊರವರ ಬದುಕಿಗೆ ಬೇಕಾದ ಜಮೀನು ಮರದ ತಿರುಳು ಬಳಸುವ ಕಾರ್ಖಾನೆಯ ಪಾಲಾಗುವುದನ್ನು ಅವರು ಒಪ್ಪಲಿಲ್ಲ. ನಿಮ್ಮ ಪಟ್ಟಿ ಮಾಡುವಾಗ ಅದೇ ಪ್ರಶ್ನೆ ಕೇಳಿಕೊಳ್ಳಿ: ಈ ಮರ ಬಂದರೆ ಊರಿನ ಯಾರು, ಕಾಡಿನ ಯಾರು ಇಲ್ಲಿಗೆ ಬರುತ್ತಾರೆ?

ಬಿಸಿಲು ಬೀಳುವ ತೆರೆದ ಜಾಗಕ್ಕೆ ಹೊನ್ನೆ, ಮತ್ತಿ, ನಂದಿ, ನೆಲ್ಲಿ, ತಾರೆ, ಅಳಲೆ. ಹಳ್ಳದ ಬದಿಗೆ ಅಪ್ಪೆಮಿಡಿ, ನೇರಳೆ, ಅತ್ತಿ. ಸ್ವಲ್ಪ ನೆರಳು ಬಂದ ಮೇಲೆ, ಅಂದರೆ ನಾಲ್ಕೈದು ವರ್ಷ ಬಿಟ್ಟು, ಹೆಬ್ಬಲಸು, ಧೂಪ, ಮುರುಗಲು, ಉಪ್ಪಾಗೆ, ರಾಮಪತ್ರೆ. ಧೂಪದ ಸಸಿಯನ್ನು ಸುಡುಬಿಸಿಲಿಗೆ ನೆಟ್ಟು ಅದು ಸತ್ತಿತೆಂದು ಮಣ್ಣಿಗೆ ದೋಷ ಹೇಳುವವರನ್ನು ಕಂಡಿದ್ದೇನೆ. ಆಲ, ಅತ್ತಿ, ಬಸರಿ ನಾಲ್ಕಾದರೂ ಇರಲಿ. ಅವು ಹಣ್ಣು ಬಿಡಲು ತೊಡಗಿದರೆ ಮಂಗಟ್ಟೆ, ಪಾರಿವಾಳ, ಬಾವಲಿ ಬರುತ್ತವೆ, ಅವು ತರುವ ಬೀಜದ ವೈವಿಧ್ಯ ಯಾವ ನರ್ಸರಿಯಲ್ಲೂ ಸಿಗದು. ಕಾಸರಗೋಡು ಜಿಲ್ಲೆಯ ಅಬ್ದುಲ್ ಕರೀಂ ಅವರು 1977ರಲ್ಲಿ ಕೊಂಡ 5 ಎಕರೆ ಮುರಕಲ್ಲಿನ ಪಾರೆ ಮುಂದೆ 32 ಎಕರೆಯ ಕಾಡಾಯಿತು. ಆರಂಭದಲ್ಲಿ ನೆಟ್ಟದ್ದು ಒಣಗಿದರೂ ಅವರು ಬಿಡಲಿಲ್ಲ, ಕೆಲವು ಮರ ನಿಂತ ಮೇಲೆ ಹಕ್ಕಿಗಳು ಕೈಜೋಡಿಸಿದವು. ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನವರು ಟೀ ತೋಟಗಳ ನಡುವೆ ಉಳಿದ ಮಳೆಕಾಡಿನ ತುಣುಕುಗಳಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಸ್ಥಳೀಯ ಜಾತಿಗಳನ್ನೇ ಬೆರೆಸಿ ನೆಟ್ಟು, ಲಂಟಾನ ಕಳೆ ಕಿತ್ತು ಆರೈಕೆ ಮಾಡುತ್ತಿದ್ದಾರೆ. ಎರಡೂ ಕಡೆ ಎದ್ದು ಕಾಣುವುದು ಬಿಡದೆ ಮಾಡಿದ ಕೆಲಸ.

ಬೀಜದುಂಡೆ ಏಕೆ ಮೊಳೆಯಲಿಲ್ಲ ಎಂದು ಕೇಳಿದ್ದೀರಿ. ಮಳೆಕಾಡಿನ ಬಹಳಷ್ಟು ಬೀಜಗಳು ಒಣಗಿದರೆ ಸತ್ತವೇ. ಹಲಸು, ಮಾವು, ನೇರಳೆ, ಧೂಪ ಇವುಗಳ ಬೀಜಕ್ಕೆ ಹಣ್ಣಿನಿಂದ ಹೊರಬಂದ ಮೇಲೆ ಕೆಲವೇ ದಿನ, ಹೆಚ್ಚೆಂದರೆ ಕೆಲವು ವಾರದ ಆಯುಷ್ಯ. ಮಣ್ಣುಂಡೆಯೊಳಗಿಟ್ಟು ಬಿಸಿಲಿಗೆ ಒಣಗಿಸಿದಾಗಲೇ ಕಥೆ ಮುಗಿದಿರುತ್ತದೆ. ಉಳಿದದ್ದನ್ನು ಇರುವೆ, ಇಲಿ ಮುಗಿಸುತ್ತವೆ, ಹುಲ್ಲಿನ ಮೇಲೆ ಬಿದ್ದ ಉಂಡೆಯ ಬೇರು ನೆಲ ಮುಟ್ಟುವುದಿಲ್ಲ. ಬದಲಿಗೆ ಜೂನ್‌ನಲ್ಲಿ ಎರಡು ಮೂರು ಒಳ್ಳೆಯ ಮಳೆ ಬಿದ್ದ ಮೇಲೆ, ಆ ವಾರ ತಿಂದ ಹಣ್ಣಿನ ಬೀಜವನ್ನೇ ಕತ್ತಿಯ ತುದಿಯಿಂದ ಮಣ್ಣು ಕೆದಕಿ ಊರಿ, ಮೇಲೆ ದರಕು ಮುಚ್ಚಿ. ಚೀಲವೂ ಇಲ್ಲ, ಖರ್ಚೂ ಇಲ್ಲ, ತಾಯಿಬೇರು ನೇರ ಕೆಳಗಿಳಿಯುತ್ತದೆ. ಸಸಿ ನೆಡುವುದಿದ್ದರೂ ಜೂನ್ ಕೊನೆಯೊಳಗೆ ಮುಗಿಸಿ. ಗಣ್ಯರ ಬಿಡುವಿಗಾಗಿ ಕಾದು ಆಗಸ್ಟ್‌ನಲ್ಲಿ ನೆಟ್ಟ ಸಸಿಗೆ ಬೇರು ಇಳಿಸಲು ಕಾಲವೇ ಸಿಗುವುದಿಲ್ಲ.

ಕಂಪನಿಯವರ 2,000 ಸಸಿ: ಹಾಗೇ ತೆಗೆದುಕೊಳ್ಳಬೇಡಿ. ಅವರಿಗೆ ವಿನಯದಿಂದಲೇ ಹೇಳಿ, 'ಸಸಿ 200 ಸಾಕು, ಉಳಿದ ಹಣದಲ್ಲಿ ಮೂರು ವರ್ಷ ಬೇಸಿಗೆಯ ಕಾವಲಿಗೂ ಕಳೆ ತೆಗೆಯುವುದಕ್ಕೂ ಇಬ್ಬರ ಕೂಲಿ ಕೊಡಿ' ಎಂದು. ಒಪ್ಪಿದರೆ ಅವರು ನಿಮ್ಮ ಜೊತೆ ಬರುವವರು. ಫೋಟೋ ದಿನವೇ ಮುಖ್ಯವಾದರೆ ಬೇರೆ ಗುಡ್ಡ ಹುಡುಕಿಕೊಳ್ಳಲಿ. ಸರ್ಕಾರದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ನನಗೆ ಮೆಚ್ಚುಗೆಯಾಗುವುದು ಇದೇ ಕಾರಣಕ್ಕೆ. ಅದು ರೈತರ ಜಮೀನಿನಲ್ಲಿ ಬದುಕಿರುವ ಸಸಿಗೆ ಮಾತ್ರ ಮೂರು ವರ್ಷದಲ್ಲಿ ಹಂತಹಂತವಾಗಿ ಹಣ ಕೊಡುತ್ತದೆ. ನಿಮ್ಮ ಊರಿನ ತೋಟದಂಚು, ಬೇಣಗಳಿಗೆ (ಹುಲ್ಲಿಗೆ ಬಿಟ್ಟ ಜಮೀನು) ಅದನ್ನು ಬಳಸಿಕೊಳ್ಳಿ.

ಗುಡ್ಡ ಯಾರ ಹೆಸರಿನಲ್ಲಿದೆ ಎಂದು ಪಹಣಿಯಲ್ಲಿ ನೋಡಿಕೊಳ್ಳಿ. ಅರಣ್ಯ ಇಲಾಖೆಯದಾದರೆ ಒಪ್ಪಿಗೆಯಿಲ್ಲದೆ ಒಂದು ಗುಂಡಿಯನ್ನೂ ತೋಡುವಂತಿಲ್ಲ. 1993ರ ಜಂಟಿ ಅರಣ್ಯ ಯೋಜನೆಯ ಆದೇಶದಿಂದ ಬಂದ ಗ್ರಾಮ ಅರಣ್ಯ ಸಮಿತಿ ನಿಮ್ಮ ಊರಿನಲ್ಲಿ ಇದೆಯೇ, ಕಾಗದದ ಮೇಲಾದರೂ ಇದೆಯೇ ವಿಚಾರಿಸಿ. ನಿದ್ದೆಹೋಗಿದ್ದರೆ ಎಬ್ಬಿಸಿ, ಬೆಂಕಿ ಕಾವಲಿನ ಕೆಲಸಕ್ಕೆ ಇಲಾಖೆಯೂ ಸಂತೋಷದಿಂದಲೇ ಬರುತ್ತದೆ. ಅಡಿಕೆ ತೋಟದ ಗೊಬ್ಬರಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟವಾಗಿದ್ದರೆ ಸೊಪ್ಪು ಕಡಿಯುವ ಹಕ್ಕು ಇರುವವರನ್ನು ಮೊದಲ ಸಭೆಗೇ ಕರೆಯಿರಿ. ಯಾವ ಮರದ ಸೊಪ್ಪು ಎಷ್ಟು, ಯಾವುದು ಎರಡು ವರ್ಷ ಬಿಡುವು ಎಂಬುದನ್ನು ಅವರೇ ನಿರ್ಧರಿಸಲಿ.

ಮಾರ್ಚ್‌ನಲ್ಲಿ ಹಗ್ಗ ಹಿಡಿದು ಗುಂಟೆ ಅಳೆಯಲು ಹೋಗುವ ದಿನ ಊರಿನಲ್ಲಿ ದನ ಕಾಯ್ದ, ಸೊಪ್ಪು ತಂದ ಹಿರಿಯ ಹೆಂಗಸರೊಬ್ಬರನ್ನು ಕರೆದುಕೊಂಡು ಹೋಗಿ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಗೆ ಹೋದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದುಡಿಯುತ್ತಾ ಯಾವ ಕಾಡಿನಲ್ಲಿ ಯಾವ ತಾಯಿಮರ, ಅದರ ಬೀಜ ಯಾವಾಗ ಆರಿಸಬೇಕು ಎಂಬುದನ್ನು ಇಲಾಖೆಗೇ ಹೇಳಿಕೊಟ್ಟರು. 2024ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು. ಅಷ್ಟಲ್ಲದಿದ್ದರೂ ಅಂಥ ತಿಳಿವಳಿಕೆ ಉಳ್ಳವರು ನಿಮ್ಮ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ. ಹತ್ತುವುದು ಕಷ್ಟವಾದರೆ ಜೀಪು ಮಾಡಿ. ಅವರು ಬೊಡ್ಡೆ ಮುಟ್ಟಿ ಹೆಸರು ಹೇಳುತ್ತಾ ಹೋಗಲಿ, ನಿಮ್ಮಲ್ಲೊಬ್ಬರು ಬರೆದುಕೊಳ್ಳಿ. ಆ ಪಟ್ಟಿ, ಗುಂಟೆಯ ಎಣಿಕೆ, ಟಾರ್ಪಾಲಿನ ಮೇಲಿನ ಕಸದ ರಾಶಿಗಳ ಎಣಿಕೆ, ಮೂರನ್ನೂ ನನಗೆ ಕಳಿಸಿಕೊಡಿ. ಎಲ್ಲಿ ನೆಡಬೇಕು, ಎಲ್ಲಿ ಬಿಡಬೇಕು ಎಂದು ಆಗ ಜಾಗ ಜಾಗ ಹಿಡಿದು ಮಾತಾಡೋಣ.